ತಪ್ಪಾಗಿ ಜೈಲಿಗೆ ಹಾಕಿದರೆ ಸರ್ಕಾರ ಏನಾದರೂ ಕೊಡಬೇಕಾ?

ಪಾಲಿಬೆಟ್ಟದವ:
ಕಾನೂನು ಗೊತ್ತಿದ್ದವರು ಸ್ವಲ್ಪ ಹೇಳಿ. ಹೋದ ತಿಂಗಳು ಪಕ್ಕದ ತೋಟದ ಕಣದಿಂದ ಎರಡು ಮೂಟೆ ಕಾಫಿ ಕಳುವಾಯಿತು. ಕೂಲಿಯವರ ಲೈನ್ ಮನೆಯ ಯರವ ಬುಡಕಟ್ಟಿನ ಹುಡುಗನೊಬ್ಬನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದರು, ನಾನೂ ಹಿಂದೆಯೇ ಹೋದೆ. ಮೇಜಿನ ಮೇಲೆ ಮೂರು ಹಾಳೆ. ಮೇಲಿನದ್ದರಲ್ಲಿ ಏನೋ ಬರೆದಿತ್ತು, ಕೆಳಗಿನ ಎರಡೂ ಖಾಲಿ. ಮೂರಕ್ಕೂ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವನು ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ ಅದಕ್ಕೂ ಬೈಸಿಕೊಂಡ. ಸಂಜೆ ಹೊತ್ತಿಗೆ ಬಿಟ್ಟರು, ಮೂಟೆ ಬೇರೆ ಕಡೆ ಸಿಕ್ಕಿತಂತೆ. ಆದರೆ ಆ ಖಾಲಿ ಹಾಳೆಗಳು ನನ್ನ ತಲೆಯಿಂದ ಹೋಗ್ತಾ ಇಲ್ಲ. ಕುಶಾಲನಗರ ಕಡೆಯ ಆ ಕೇಸು ನೆನಪಿದೆಯಲ್ವಾ, ಗಂಡನೇ ಕೊಂದ ಎಂದು ಪೊಲೀಸರು ಹೇಳಿದ್ದ ಹೆಂಡತಿ 2025ರ ಏಪ್ರಿಲ್‌ನಲ್ಲಿ ಮಡಿಕೇರಿಯ ಹೋಟೆಲಿನಲ್ಲಿ ಕಣ್ಣಿಗೆ ಬಿದ್ದಳು!

ಮಳೆಗಾಲ:
ನೆನಪಿಲ್ಲದೆ ಏನು. ಹೆಂಡತಿ ಕಾಣೆ ಎಂದು ದೂರು ಕೊಟ್ಟವನೇ ಆರೋಪಿಯಾದ. ಬೆಟ್ಟದಪುರದ ಕಡೆ ಸಿಕ್ಕ ಅಸ್ಥಿಪಂಜರ ಅವಳದ್ದೇ ಎಂದು ಕೇಸು ಕಟ್ಟಿದರು. ಡಿಎನ್‌ಎ ತಾಳೆಯಾಗಲಿಲ್ಲ, ಆದರೂ ಕೇಸು ನಡೆದೇ ನಡೆಯಿತು. ಒಂದೂವರೆ ವರ್ಷವಾದರೂ ಒಳಗಿದ್ದ. ಕೊನೆಗೆ ಮೈಸೂರಿನ ಕೋರ್ಟು ಬಿಡುಗಡೆ ಮಾಡಿ, ಗೃಹ ಇಲಾಖೆ 1 ಲಕ್ಷ ಕೊಡಲಿ ಎಂದಿತು. ಅಷ್ಟೇ.

ಕಪ್ಪು ಕೋಟು:
ಒಂದು ತಿದ್ದುಪಡಿ. ಅವನಿಗೆ ಶಿಕ್ಷೆಯೇ ಆಗಿರಲಿಲ್ಲ, ವಿಚಾರಣೆ ಮುಗಿಯುವ ಮೊದಲೇ ಅಷ್ಟು ದಿನ ಜೈಲು. ನಮ್ಮ ದೇಶದ ಜೈಲುಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಹೀಗೆ ತೀರ್ಪಿಗೆ ಕಾಯುತ್ತಿರುವವರೇ. ಇನ್ನು ಪರಿಹಾರ ಕೇಳಿದಿರಿ. ಇದು ಹಕ್ಕು, ಇಷ್ಟು ಕೊಡಲೇಬೇಕು ಎನ್ನುವ ಪ್ರತ್ಯೇಕ ಕಾಯ್ದೆ ಇಲ್ಲ. ಒಬ್ಬನನ್ನು ಸುಮ್ನೆ ಬಂಧಿಸುವಂತೆ ಮಾಡಿದವನಿಂದ ಮ್ಯಾಜಿಸ್ಟ್ರೇಟ್ ಕೊಡಿಸಬಹುದಾದ ಮೊತ್ತ ಸಿಆರ್‌ಪಿಸಿ ಬದಲು ಬಂದ ಹೊಸ ಕಾನೂನು ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಹೆಚ್ಚೆಂದರೆ 1000 ರೂಪಾಯಿ, ಸೆಕ್ಷನ್ 399 ತೆಗೆದು ನೋಡಿ. ಉಳಿದದ್ದು ಹೈಕೋರ್ಟು, ಸುಪ್ರೀಂ ಕೋರ್ಟು ಕೇಸಿಂದ ಕೇಸಿಗೆ ಮನಸ್ಸು ಮಾಡಿದಷ್ಟು. ಬಿಹಾರದ ರುದುಲ್ ಸಾಹ್ 1968ರಲ್ಲೇ ಖುಲಾಸೆಯಾಗಿದ್ದರೂ 1982ರವರೆಗೆ ಜೈಲಲ್ಲೇ ಇದ್ದ, ಸಿಕ್ಕಿದ್ದು 35,000. ಸುಳ್ಳು ಬೇಹುಗಾರಿಕೆ ಕೇಸಿನಲ್ಲಿ ಬಂಧಿತರಾಗಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ. ಅದೇ ವರ್ಷ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಇದಕ್ಕೇ ವಿಶೇಷ ಕೋರ್ಟು ಬೇಕು ಎಂದು ಬರೆದುಕೊಟ್ಟಿತು.

ನಿಮ್ಮ ಹುಡುಗನ ವಿಷಯಕ್ಕೆ ಬಂದರೆ, ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸುವಂತೆಯೇ ಇಲ್ಲ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದು ಕೋರ್ಟಲ್ಲಿ ಸಾಕ್ಷ್ಯವೂ ಅಲ್ಲ. ಖಾಲಿ ಹಾಳೆಯಂತೂ ದೂರದ ಮಾತು.

ಒಳ್ಳೆಮೆಣಸು:
ಎಲ್ಲ ಸರಿ, ಪೊಲೀಸರನ್ನು ಬೈಯುವುದು ಸುಲಭ. ಎರಡು ವರ್ಷದ ಹಿಂದೆ ನಮ್ಮ ಮೆಣಸನ್ನು ಬಳ್ಳಿಯಿಂದಲೇ ರಾತ್ರೋರಾತ್ರಿ ಕೊಯ್ದುಕೊಂಡು ಹೋದರು, ಇವತ್ತಿಗೂ ಯಾರೆಂದು ಗೊತ್ತಿಲ್ಲ. ನಮಗೂ ನ್ಯಾಯ ಬೇಡವಾ?

ಮಳೆಗಾಲ:
ಅಣ್ಣ, ಲೈನ್ ಮನೆಯವನ ಹೆಬ್ಬೆಟ್ಟು ಒತ್ತಿಸಿಕೊಂಡರೆ ನಿಮ್ಮ ಮೆಣಸು ವಾಪಸ್ ಬರುತ್ತದಾ? ಫೈಲು ಮುಚ್ಚುತ್ತದೆ, ಕದ್ದವನು ಮುಂದಿನ ಕೊಯ್ಲಿಗೆ ಮತ್ತೆ ಬರುತ್ತಾನೆ. ಬೆಟ್ಟದಪುರದ ಕೇಸನ್ನೇ ನೋಡಿ. ಹೆಂಡತಿ ಬದುಕಿದ್ದಾಳೆ, ಗಂಡ ಹೊರಗೆ ಬಂದ, ಎಲ್ಲರೂ ಅಲ್ಲಿಗೇ ಮಾತು ನಿಲ್ಲಿಸಿದರು. ಆ ಮೂಳೆ ಯಾರದ್ದು? ಅವರ ಮನೆಯವರೂ ಎಲ್ಲೋ ಹುಡುಕುತ್ತಾ ಇರಬಹುದಲ್ವಾ.

ಒಳ್ಳೆಮೆಣಸು:
ಅದು ನನಗೆ ಹೊಳೆದಿರಲಿಲ್ಲ.

ಪಾಲಿಬೆಟ್ಟದವ:
ಸರ್, ಆ ಹಾಳೆಗಳನ್ನು ವಾಪಸ್ ಪಡೆಯಲು ಆಗುತ್ತದಾ? ಅವನ ಹತ್ತಿರ ವಕೀಲರಿಗೆ ಕೊಡಲು ದುಡ್ಡಿಲ್ಲ.

ಕಪ್ಪು ಕೋಟು:
ವಾಪಸ್ ಕೊಡುವುದು ಅನುಮಾನ. ನಡೆದದ್ದನ್ನು ತಾರೀಕು, ಹೊತ್ತು ಸಮೇತ ಬರೆದು ಎಸ್‌ಪಿ ಕಚೇರಿಗೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ, ನೀವು ಕಣ್ಣಾರೆ ಕಂಡಿದ್ದನ್ನೂ ಸೇರಿಸಿ. ಯರವರಂಥ ಪರಿಶಿಷ್ಟ ಪಂಗಡದವರಿಗೆ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ.

ಪಾಲಿಬೆಟ್ಟದವ:
ಸೋಮವಾರ ಅವನಿಗೆ ರಜೆ ಕೇಳಿದ್ದೇನೆ, ತೋಟದವರು ಒಪ್ಪಿದ್ದಾರೆ. ಅವನೇ ಹೆದರುತ್ತಿದ್ದಾನೆ, ಅಲ್ಲೂ ಹೆಬ್ಬೆಟ್ಟು ಒತ್ತಬೇಕಾ ಅಂತ ಕೇಳಿದ.