ನೌಕೆಯೇ ಹೋಗದ ಆರ್ಕಸ್‌ನ ದ್ರವ್ಯರಾಶಿ ತಿಳಿದದ್ದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿಯ ವಿಜ್ಞಾನ ಶಿಕ್ಷಕಿ

ನೆಪ್ಚೂನ್‌ನಾಚೆಯ ಹಿಮಕಾಯಗಳ ಬಗ್ಗೆ ಹತ್ತನೇ ತರಗತಿಯಲ್ಲಿ ಮಾತನಾಡುತ್ತ, 2004ರಲ್ಲಿ ಪತ್ತೆಯಾದ ಆರ್ಕಸ್ ಮತ್ತು ಅದರ ಉಪಗ್ರಹ ವ್ಯಾಂತ್ ಅನ್ನು ಹೆಸರಿಸಿದೆ. ಯಾವ ನೌಕೆಯೂ ಸುಳಿಯದ ಕಾಯದ ದ್ರವ್ಯರಾಶಿಯನ್ನು ಹೇಗೆ ಹೇಳುತ್ತಾರೆಂದು ಒಬ್ಬ ಹುಡುಗ ಕೇಳಿದ. ಮಕ್ಕಳಿಗೆ ಎಟುಕುವ ವಿವರಣೆ ಸಿಗಬಹುದೇ? ನಮ್ಮೂರಿನಿಂದ ದೂರದರ್ಶಕದಲ್ಲಿ ಅದನ್ನು ತೋರಿಸಬಹುದೇ?

ಉತ್ತರ: ಶಿವಮೊಗ್ಗದ ಭೌತಶಾಸ್ತ್ರ ಉಪನ್ಯಾಸಕ

ಮೇಡಂ, ವ್ಯಾಂತ್ ಇರುವುದರಿಂದಲೇ ಆ ಲೆಕ್ಕ ಸಾಧ್ಯವಾಗಿದೆ. 2005ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಅದು ಆರ್ಕಸ್‌ನ ಮಗ್ಗುಲಲ್ಲಿ ಒಂದು ಚುಕ್ಕೆಯಾಗಿ ಸಿಕ್ಕಿತು. ಎರಡರ ನಡುವಿನ ಕೋನ ಒಂದು ಡಿಗ್ರಿಯ 3,600ನೇ ಭಾಗದ ಕಾಲು ಪಾಲಿನಷ್ಟು ಮಾತ್ರ. ಆರ್ಕಸ್‌ನ ದೂರ ಗೊತ್ತಿರುವುದರಿಂದ ಆ ಕೋನ ಸುಮಾರು 9,000 ಕಿ.ಮೀ. ಅಂತರವಾಗುತ್ತದೆ, ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು ಒಂಬತ್ತೂವರೆ ದಿನ. ಈ ಎರಡು ಸಂಖ್ಯೆಗಳನ್ನು, ಅಂತರ, ಸುತ್ತುವ ಕಾಲ ಮತ್ತು ದ್ರವ್ಯರಾಶಿಗಳ ನಂಟನ್ನು ಹೇಳುವ, ನ್ಯೂಟನ್ ವಿಸ್ತರಿಸಿದ ಕೆಪ್ಲರ್‌ನ ಮೂರನೇ ನಿಯಮಕ್ಕೆ ಹಾಕಿದರೆ ಎರಡೂ ಕಾಯಗಳ ಒಟ್ಟು ದ್ರವ್ಯರಾಶಿ ನಮ್ಮ ಚಂದ್ರನದರ ನೂರನೇ ಒಂದು ಪಾಲಿಗಿಂತಲೂ ಕಡಿಮೆಯೆಂದು ಬರುತ್ತದೆ. ಕಿಲೋಮೀಟರನ್ನು ಮೀಟರಿಗೂ ದಿನವನ್ನು ಸೆಕೆಂಡಿಗೂ ಬದಲಿಸಿಕೊಳ್ಳುವಂತೆ ಮಾತ್ರ ಮಕ್ಕಳಿಗೆ ಹೇಳಿ; ಎಡವುವುದು ಹೆಚ್ಚಾಗಿ ಅಲ್ಲೇ.

ಉತ್ತರ: ಸಾಗರದ ಹವ್ಯಾಸಿ ವೀಕ್ಷಕ

ತೋರಿಸುವ ಆಸೆಯನ್ನು ಬಿಡುವುದೇ ಮೇಲು. ಮಳೆಗಾಲ ಮುಗಿದು ಮೋಡ ಹರಿದ ಮಲೆನಾಡಿನ ಕಪ್ಪು ಆಕಾಶದಲ್ಲೂ ನಮ್ಮಂಥವರ ದೂರದರ್ಶಕಕ್ಕೆ ಅದು ದಕ್ಕದು, ಏಕೆಂದರೆ ಬರಿಗಣ್ಣಿಗೆ ಕಾಣುವ ಅತ್ಯಂತ ಮಂಕು ನಕ್ಷತ್ರಕ್ಕಿಂತಲೂ ಆರ್ಕಸ್ ಲಕ್ಷ ಪಟ್ಟಿಗೂ ಹೆಚ್ಚು ಮಂಕು.

ಶಿಕ್ಷಕಿ: ಧನ್ಯವಾದಗಳು ಸರ್. ಆದರೆ ಬಂದದ್ದು ಒಟ್ಟು ಮೊತ್ತ. ಅದರಲ್ಲಿ ವ್ಯಾಂತ್‌ನ ಪಾಲು ಎಷ್ಟು?

ಉತ್ತರ: ಶಿವಮೊಗ್ಗದ ಭೌತಶಾಸ್ತ್ರ ಉಪನ್ಯಾಸಕ

ಹುಡುಗರು ಕೇಳಬೇಕಾದ ಪ್ರಶ್ನೆಯೇ ಇದು. ವ್ಯಾಂತ್ ಸುತ್ತುವಾಗ ಆರ್ಕಸ್ ಕೂಡ ಸುಮ್ಮನಿರದೆ ಇಬ್ಬರಿಗೂ ಸಾಮಾನ್ಯವಾದ ದ್ರವ್ಯರಾಶಿ ಕೇಂದ್ರದ ಸುತ್ತ ಓಲಾಡುತ್ತದೆ. ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕಗಳಿಂದ ಆ ಓಲಾಟವನ್ನು ಅಳೆದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು: ವ್ಯಾಂತ್‌ನ ದ್ರವ್ಯರಾಶಿ ಆರ್ಕಸ್‌ನದರ ಸುಮಾರು ಶೇ. 16. ಹಾಗಾದರೆ ಆ ಕೇಂದ್ರ ಆರ್ಕಸ್‌ನ ನಡುವಿನಿಂದ ಸುಮಾರು 1,200 ಕಿ.ಮೀ. ಆಚೆ ಬೀಳುತ್ತದೆ, ಆರ್ಕಸ್‌ನ ತ್ರಿಜ್ಯವಾದರೋ 455 ಕಿ.ಮೀ. ಆಸುಪಾಸು. ಅಂದರೆ ಇಬ್ಬರೂ ಬರಿದಾದ ಒಂದು ಬಿಂದುವನ್ನು ಸುತ್ತುತ್ತಿದ್ದಾರೆ, ಪ್ಲೂಟೊ ಮತ್ತು ಅದರ ಉಪಗ್ರಹ ಶಾರನ್ ಹಾಗೆಯೇ. ವ್ಯಾಂತ್ ಅನ್ನು ಉಪಗ್ರಹ ಎನ್ನುವುದಕ್ಕಿಂತ ಜೋಡಿ ಎನ್ನುವುದೇ ನನಗೆ ಸರಿ ಕಾಣುತ್ತದೆ.