ಸಹಾಯ ಬೇಕು: ಊರಿನ ಸುದ್ದಿಗೆ ಗ್ರೂಪ್ ಹೇಗೆ ನಡೆಸುತ್ತೀರಿ?

ನಮಸ್ಕಾರ. ನಾನು ಕೊಡಗಿನ ಸಿದ್ದಾಪುರದ ಕಡೆಯವನು. ನಮ್ಮೂರಿನ ವಾಟ್ಸಾಪ್ ಗ್ರೂಪ್ ಶುರುವಾಗಿದ್ದು 2018ರ ಆಗಸ್ಟ್ ಮಳೆಯಲ್ಲಿ, ಎಲ್ಲಿ ಗುಡ್ಡದ ಬರೆ ಕುಸಿದಿದೆ, ಯಾವ ರಸ್ತೆ ಬಂದ್ ಅಂತ ತಿಳಿಸಲು. ಈಗ ಬೆಳಿಗ್ಗೆ ಶುಭೋದಯ, ರಾತ್ರಿ ರಾಜಕೀಯ. ಮೊನ್ನೆ ಲೈನ್ ಮನೆ (ತೋಟದ ಕೆಲಸಗಾರರ ಸಾಲುಮನೆ) ಹಿಂದೆ ಆನೆ ನಿಂತಿದೆ ಅಂತ ಒಬ್ಬರು ಹಾಕಿದ ಮೆಸೇಜು ಹೂವಿನ ಫೋಟೋಗಳ ನಡುವೆ ಕಳೆದೇ ಹೋಯಿತು, ತೋಟದ ಕೆಲಸಕ್ಕೆ ಹೊರಟವರು ನೋಡಲೇ ಇಲ್ಲ. ಪುಣ್ಯಕ್ಕೆ ಏನೂ ಆಗಲಿಲ್ಲ.

ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿದರೆ ಆನೆ ಕಂಡವರು ಹೇಳುವುದು ಹೇಗೆ? ಟೆಲಿಗ್ರಾಂನಲ್ಲಿ 2 ಲಕ್ಷ ಜನ ಸೇರಬಹುದಂತೆ, ನಮಗೆ ವಾಟ್ಸಾಪಿನ 1024 ಧಾರಾಳ ಸಾಕು. ಅಜ್ಜಂದಿರಿಗೆ ಇನ್ನೊಂದು ಆಪ್ ಕಲಿಸುವ ತಾಳ್ಮೆಯೂ ನನಗಿಲ್ಲ, ಅವರಿಗೂ ಇಲ್ಲ.

ವಾಟ್ಸಾಪಿನಲ್ಲೇ ಕಮ್ಯುನಿಟಿ (ಹಲವು ಗ್ರೂಪ್‌ಗಳನ್ನು ಒಂದೇ ಕಡೆ ಸೇರಿಸುವ ವ್ಯವಸ್ಥೆ) ಮಾಡಿ ಆನೆ, ರಸ್ತೆ, ಕರೆಂಟಿಗೆ ಒಂದು ಗ್ರೂಪ್, ಹರಟೆಗೆ ಇನ್ನೊಂದು ಅಂತ ಬೇರೆ ಮಾಡಿದವರು ಯಾರಾದರೂ ಇದ್ದೀರಾ? ಜನ ಪಾಲಿಸುತ್ತಾರಾ, ಇಲ್ಲ ಅಲ್ಲೂ ಶುಭೋದಯವೇನಾ? ಮತ್ತೆ ಮಳೆಗಾಲದಲ್ಲಿ ಕರೆಂಟ್ ಹೋಗಿ ನೆಟ್‌ವರ್ಕೂ ಹೋದಾಗ ನೀವು ಏನು ಮಾಡುತ್ತೀರಿ? ಸುದ್ದಿ ನಿಜವೋ ಸುಳ್ಳೋ ನೋಡುವುದು ಯಾರು? ಸ್ವಲ್ಪ ವಿವರವಾಗಿ ಬರೆಯಿರಿ, ಜೂನ್ ಮಳೆಗೆ ಮೊದಲೇ ಸರಿಮಾಡಬೇಕು.