ಇ-ಸೈಕಲ್ಲಿಗೆ ಯಾವ ಬ್ಯಾಟರಿ ನಂಬಬಹುದು? ಕೊಡಗಿನ ಮಳೆಯಲ್ಲಿ ಓಡಿಸಿದವರು ಹೇಳಿ

ನಾಪೋಕ್ಲಿನಿಂದ ಪ್ರಶ್ನೆ:
ನನ್ನ ಎಲೆಕ್ಟ್ರಿಕ್ ಸೈಕಲ್ಲಿಗೆ ಮೂರು ವರ್ಷ ಆಯ್ತು. 36 ವೋಲ್ಟ್, 250 ವ್ಯಾಟ್ ಮೋಟರ್. ಬ್ಯಾಟರಿ ಈಗ ಆರು ಕಿಲೋಮೀಟರಿಗೇ ಕೈಕೊಡುತ್ತಿದೆ. ಸೈಕಲ್ ಕಂಪನಿಯದ್ದೇ ತಗೊಂಡರೆ ದುಬಾರಿ. ಆನ್‌ಲೈನಲ್ಲಿ ಅದರ ಅರ್ಧ ಬೆಲೆಗೆ 15 ಎಎಚ್ (ಆಂಪಿಯರ್ ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಒಂದು ಸಿಗುತ್ತಿದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಬೆಂಕಿಯದ್ದೇ ಭಯ. ಮಳೆ ಹಿಡಿಯುವ ಮುಂಚೆ ತಗೊಳ್ಳಬೇಕು. ಬಳಸಿ ನೋಡಿದವರು ಹೇಳುತ್ತೀರಾ?

ಮಡಿಕೇರಿಯಿಂದ:
ದಯವಿಟ್ಟು ಆರ್ಡರ್ ಮಾಡಬೇಡಿ, ಮೊದಲು ಇದನ್ನು ಓದಿ. ನಾನು ಎರಡು ವರ್ಷದ ಹಿಂದೆ ಅಂಥದ್ದೇ ಅರ್ಧ ಬೆಲೆಯ ಬ್ಯಾಟರಿ ತರಿಸಿದ್ದೆ. ಮೇಲೆ 15 ಎಎಚ್ ಅಂತ ದಪ್ಪ ಅಕ್ಷರ. ಓಡಿದ್ದು ಮಾತ್ರ ಹಳೆಯ 10 ಎಎಚ್‌ಗಿಂತ ಕಡಿಮೆ. ಸಂಶಯ ಬಂದು ಕಾಳುಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟೆ. ಕೇಸು, ವೈರು ಎಲ್ಲ ಸೇರಿ 1 ಕೆಜಿ 700 ಗ್ರಾಂ! 36 ವೋಲ್ಟ್ 15 ಎಎಚ್ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಬರೀ ಸೆಲ್ಲುಗಳೇ ಎರಡು ಕೆಜಿ ಮೇಲೆ ತೂಗಬೇಕು. ಇಂಥ ಬ್ಯಾಟರಿಯೊಳಗೆ ಇರುವ 18650 ಅನ್ನುವ ಸಣ್ಣ ಉರುಟು ಸೆಲ್ ಒಂದಕ್ಕೆ 45ರಿಂದ 50 ಗ್ರಾಂ, ಅದು 3 ಎಎಚ್‌ನದ್ದಾದರೆ ಅಂಥ 50 ಬೇಕು. ನೀವೇ ಗುಣಿಸಿ ನೋಡಿ. ಬಂದ ಪಾರ್ಸೆಲನ್ನು ತೂಗಿ ನೋಡುವುದಕ್ಕೆ ಯಾವ ವಿದ್ಯೆಯೂ ಬೇಡ ಅಲ್ವಾ.

ಒಂದು ಮಳೆಗಾಲ ಕಳೆದ ಮೇಲೆ ರಿಪೇರಿ ಗೊತ್ತಿರುವ ಗೆಳೆಯ ಅದನ್ನು ಬಿಚ್ಚಿದ. ನೀಲಿ ಪ್ಲಾಸ್ಟಿಕ್ ಹೊದಿಕೆಯ ಒಳಗಡೆ ನೀರಿನ ಹನಿ ಸಾಲಾಗಿ ನಿಂತಿತ್ತು. ಸೆಲ್ಲುಗಳನ್ನು ಜೋಡಿಸುವ ಪಟ್ಟಿ ನಿಕ್ಕಲ್ ಅಂದಿದ್ದರು, ಅದರ ಅಂಚೆಲ್ಲ ಕೆಂಪಗೆ ತುಕ್ಕು ಹಿಡಿದಿತ್ತು. ನಿಕ್ಕಲ್ ಹಾಗೆ ತುಕ್ಕು ಹಿಡಿಯುವುದಿಲ್ಲ, ಅದು ಮೇಲೆ ನಿಕ್ಕಲ್ ಬಳಿದ ಕಬ್ಬಿಣದ ಪಟ್ಟಿ. ಸೆಲ್ಲಿನ ಪ್ಲಸ್ ತುದಿಗೆ ಒಂದು ಸಣ್ಣ ಕಾಗದದ ಬಳೆ ಕೂರಿಸುತ್ತಾರೆ, ಪಟ್ಟಿ ಉಜ್ಜಿ ಶಾರ್ಟ್ ಆಗಬಾರದು ಅಂತ. ಇದರಲ್ಲಿ ಒಂದಕ್ಕೂ ಇರಲಿಲ್ಲ. ಸೆಲ್ಲಿನ ಮೇಲೆ ಹೆಸರೂ ಇಲ್ಲ, ನಂಬರೂ ಇಲ್ಲ. ಇದನ್ನು ನಾನು ಒಂದು ವರ್ಷ ನಮ್ಮ ಹಜಾರದಲ್ಲಿ, ಮಗಳು ಓದಿಕೊಳ್ಳುವ ಮೇಜಿನ ಪಕ್ಕ ರಾತ್ರಿಯಿಡೀ ಚಾರ್ಜಿಗೆ ಇಡುತ್ತಿದ್ದೆ. ಈಗ ನೆನೆಸಿಕೊಂಡರೂ ಮೈ ಜುಮ್ ಅನ್ನುತ್ತದೆ.

ನಮ್ಮ ಊರಿನ ಏರುಗಳದ್ದು ಇನ್ನೊಂದು ವಿಷಯ. ಸೈಕಲ್ಲು, ನಾವು, ಬ್ಯಾಗು ಸೇರಿ 100 ಕೆಜಿ ಅಂತ ಇಟ್ಟುಕೊಳ್ಳಿ. ತುಳಿಯದೆ ಮೋಟರಿನಲ್ಲೇ 100 ಮೀಟರ್ ಎತ್ತರ ಏರಲು 27 ವ್ಯಾಟ್ ಅವರ್ (ಶಕ್ತಿಯ ಅಳತೆ, ಬ್ಯಾಟರಿಯ ವೋಲ್ಟನ್ನು ಎಎಚ್‌ನಿಂದ ಗುಣಿಸಿದರೆ ಸಿಗುತ್ತದೆ) ಬೇಕು, ಮೋಟರ್ ಬಿಸಿಯಾಗಿ ಕಳೆಯುವುದನ್ನೂ ಸೇರಿಸಿದರೆ 35ರ ಹತ್ತಿರ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 300 ಮೀಟರ್ ಏರು. ಅಂದರೆ ಬರೀ ಏರಿಗೇ 100 ವ್ಯಾಟ್ ಅವರ್ ಹೋಯ್ತು, ಮೂವತ್ತು ಕಿಲೋಮೀಟರ್ ದಾರಿಯ ಖರ್ಚು ಬೇರೆ. 36 ವೋಲ್ಟ್ 10 ಎಎಚ್ ಬ್ಯಾಟರಿಯಲ್ಲಿ ಇರುವುದೇ 360. ಹಾಗಾಗಿ ಜಾಹೀರಾತಿನ ಕಿಲೋಮೀಟರ್ ಲೆಕ್ಕ ನಮಗಲ್ಲ. ಏರಿನಲ್ಲಿ ಕರೆಂಟ್ ಜಾಸ್ತಿ ಎಳೆಯುತ್ತದೆ, ಕಳಪೆ ಸೆಲ್ ಅಲ್ಲೇ ಬಿಸಿಯಾಗುವುದು. ಮೋಟರಿಗೆ ಕರೆಂಟ್ ಬಿಡುವ ಕಂಟ್ರೋಲರ್ 15 ಆಂಪಿಯರ್ ಇದ್ದರೆ, ಬ್ಯಾಟರಿಯೊಳಗೆ ಸೆಲ್ಲುಗಳನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ 20 ಆದರೂ ಇರಲಿ.

ವಿರಾಜಪೇಟೆಯಿಂದ:
ಚಾರ್ಜರ್ ಬಗ್ಗೆ ಯಾರೂ ಹೇಳಲಿಲ್ಲ. ಸಿಡಿಲಿಗೆ ನನ್ನ ಚಾರ್ಜರ್ ಸುಟ್ಟಾಗ ಪಕ್ಕದ ಮನೆಯವರ 48 ವೋಲ್ಟಿನದ್ದು ತಂದು ಹಾಕಿದೆ, ಪಿನ್ ಸರಿಯಾಗಿ ಕೂತಿತ್ತು. 36 ವೋಲ್ಟ್ ಲಿಥಿಯಂ ಅಯಾನ್‌ಗೆ 42 ವೋಲ್ಟ್ ದಾಟಬಾರದು, ಅದು ಕೊಡುತ್ತಿದ್ದದ್ದು 54.6. ಹತ್ತೇ ನಿಮಿಷಕ್ಕೆ ಕೇಸು ಬಿಸಿ. ಒಳಗಿನ ಬಿಎಂಎಸ್ ಸುಟ್ಟು ಸಂಪರ್ಕ ಕಡಿದದ್ದರಿಂದ ಬಚಾವಾದೆ. ಬ್ಯಾಟರಿ ಜೊತೆ ಅದರದ್ದೇ ಚಾರ್ಜರ್ ತಗೊಳ್ಳಿ, ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ.

ಸೋಮವಾರಪೇಟೆಯಿಂದ:
ನಾನು ಹತ್ತಾರು ಬ್ಯಾಟರಿ ರಿಪೇರಿ ಮಾಡಿದ್ದೇನೆ, ಅದರ ಮೇಲೆ ಹೇಳುತ್ತೇನೆ. ಜಾಗ ಇದ್ದರೆ, ತೂಕಕ್ಕೆ ತಲೆಕೆಡಿಸಿಕೊಳ್ಳದಿದ್ದರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬೇರೆ ಬಗೆಯ ಲಿಥಿಯಂ ಬ್ಯಾಟರಿ) ನೋಡಿ. ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಜಾಸ್ತಿ ವರ್ಷ ಬರುತ್ತದೆ, ಆದರೆ ಗಾತ್ರ ದೊಡ್ಡದು. ಒಂದರ ಹಿಂದೆ ಒಂದು 12 ಸೆಲ್ ಜೋಡಿಸಿದ್ದಾದರೆ ಚಾರ್ಜರ್ 43.8 ವೋಲ್ಟ್ ಬೇಕು, ಹಳೆಯದು ಆಗುವುದಿಲ್ಲ. ಕಂಟ್ರೋಲರಿಗೆ ಹೊಂದುತ್ತದೆಯಾ ಅಂತಲೂ ಕೇಳಿ.

ಅಂಗಡಿಯವರ ಹತ್ತಿರ ಸೆಲ್ ಕಂಪನಿ ಯಾವುದು, ಮಾಡೆಲ್ ಯಾವುದು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಸೆಲ್ಲಿಗೆ ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಸುರಕ್ಷತೆಯ ಮಾನದಂಡ ಐಎಸ್ 16046ರ ಗುರುತು ಇದೆಯಾ ಕೇಳಿ. 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮ ಬಿಗಿ ಮಾಡಿದರು, ಆದರೆ ಅದು ನೋಂದಣಿ ಆಗುವ ವಾಹನಗಳಿಗೆ. ನಮ್ಮ 250 ವ್ಯಾಟ್ ಸೈಕಲ್ಲಿಗೆ ನೋಂದಣಿ ಇಲ್ಲ. ಅದಕ್ಕೇ ನಾವೇ ಕೇಳಿ ತಿಳಿದುಕೊಳ್ಳಬೇಕು.

ನನ್ನ ಹತ್ತಿರ ಬರುವ ಸತ್ತ ಬ್ಯಾಟರಿಗಳಲ್ಲಿ ಜಾಸ್ತಿ ಇಂಥವು: ಜೂನಿನಲ್ಲಿ ಖಾಲಿ ಮಾಡಿ ಕೊಟ್ಟಿಗೆಯಲ್ಲಿ ಇಟ್ಟಿರುತ್ತಾರೆ, ಸೆಪ್ಟೆಂಬರಿನಲ್ಲಿ ನೋಡಿದರೆ ಜೀವ ಇಲ್ಲ. ಬಳಸದಿದ್ದರೆ ಅರ್ಧ ಚಾರ್ಜ್ ಮಾಡಿ ಮನೆಯೊಳಗೆ ಒಣ ಜಾಗದಲ್ಲಿಡಿ. ಪೂರ್ತಿ ಸತ್ತದ್ದಕ್ಕೆ ನೇರ ಕರೆಂಟ್ ಕೊಟ್ಟು ಎಬ್ಬಿಸುತ್ತೇನೆ ಅನ್ನುವವರಿದ್ದಾರೆ, ಅವರ ಕೈಗೆ ಕೊಡಬೇಡಿ. ತೀರಾ ಇಳಿದ ಸೆಲ್ಲಿನೊಳಗೆ ತಾಮ್ರ ಕರಗಿರುತ್ತದೆ, ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಬಹುದು.

ಮಳೆಗೆ ಇನ್ನೊಂದು. ಬ್ಯಾಟರಿಗೆ ಹೋಗುವ ವೈರನ್ನು ಸ್ವಲ್ಪ ಕೆಳಗೆ ಬಾಗಿಸಿ ಆಮೇಲೆ ಮೇಲಕ್ಕೆ ಕಟ್ಟಿ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಸಾಕೆಟ್ಟಿಗೆ ಹರಿಯುವುದಿಲ್ಲ. ಕೆಸರು ತೊಳೆಯಲು ಪ್ರೆಷರ್ ಪೈಪ್ ಹಿಡಿಯಲೇಬೇಡಿ.

ನಾಪೋಕ್ಲಿನಿಂದ ಮತ್ತೆ:
ತುಂಬಾ ಉಪಕಾರ ಆಯ್ತು. ಎಲ್ಲಿಟ್ಟು ಚಾರ್ಜ್ ಮಾಡುತ್ತೀರಿ? ನಮ್ಮಲ್ಲಿ ಸೌದೆ ಕೊಟ್ಟಿಗೆಯಲ್ಲಿ ಪ್ಲಗ್ ಇದೆ.

ಮಡಿಕೇರಿಯಿಂದ:
ಸೌದೆ, ಕಾಫಿ ಚೀಲ ಇರುವ ಕಡೆ ಬೇಡವೇ ಬೇಡ. ಮಲಗುವ ಕೋಣೆ, ಹೊರಗೆ ಹೋಗುವ ಬಾಗಿಲ ಬಳಿಯೂ ಬೇಡ. ನಾನು ಈಗ ಮಳೆ ಎರಚದ ಹಿಂದಿನ ಜಗಲಿಯಲ್ಲಿ, ಸಿಮೆಂಟ್ ನೆಲದ ಮೇಲೆ, ಎಚ್ಚರ ಇರುವಾಗ ಮಾತ್ರ ಚಾರ್ಜ್ ಮಾಡುತ್ತೇನೆ. ಏರು ಹತ್ತಿ ಬಂದ ಕೂಡಲೇ ಹಾಕುವುದಿಲ್ಲ, ಅರ್ಧ ಗಂಟೆ ತಣಿಯಲಿ. ಕೇಸು ಉಬ್ಬಿದರೆ, ವಿಚಿತ್ರ ವಾಸನೆ ಬಂದರೆ ಬಳಸುವುದನ್ನು ನಿಲ್ಲಿಸಿ. ಹೊಗೆ ಬಂದರೆ, ಬುಸ್ಸೆನ್ನುವ ಶಬ್ದ ಕೇಳಿದರೆ ಮುಟ್ಟಬೇಡಿ, ಮಕ್ಕಳನ್ನು ಕರೆದುಕೊಂಡು ಹೊರಗೆ ಓಡಿ, 112ಕ್ಕೆ ಫೋನ್ ಮಾಡಿ. ಬೆಂಕಿ ಆರಿದ ಹಾಗೆ ಕಂಡರೂ ಮತ್ತೆ ಹತ್ತಿಕೊಳ್ಳಬಹುದು.

ನಾಪೋಕ್ಲಿನಿಂದ:
ಆನ್‌ಲೈನ್ ಬ್ಯಾಟರಿಯ ಆಸೆ ಬಿಟ್ಟೆ. ಸೈಕಲ್ ಕಂಪನಿಯ 10 ಎಎಚ್‌ನದ್ದನ್ನೇ ಚಾರ್ಜರ್ ಸಮೇತ ತಗೊಳ್ಳುತ್ತೇನೆ, ದುಡ್ಡಿಗೆ ಒಂದು ತಿಂಗಳು ಕಾಯಬೇಕು ಅಷ್ಟೇ. ಹಳೆಯದನ್ನು ಗುಜರಿಗೆ ಹಾಕದೆ ಅವರಿಗೇ ವಾಪಸ್ ಕೊಡುತ್ತೇನೆ. ಜಗಲಿಗೆ ಪ್ಲಗ್ ಹಾಕಲು ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ.